ಕ್ಷಮಿಸುವ ಮೊದಲು: ‘ಕಂಚು ಮತ್ತು ಕೋವಿ’ ಕಳುಹಿಸಿದ ಲೇಖಕಿಗೆ

ಪ್ರಿಯ ಲೇಖಕಿಯವರಿಗೆ,

ಸಕಲೇಶಪುರದಿಂದ ನೀವು ಕಳುಹಿಸಿದ ‘ಕಂಚು ಮತ್ತು ಕೋವಿ’ ಪ್ರಬಂಧವನ್ನು ನಿಧಾನವಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಎರಡು ಸಾಲಿನ ವಿಷಾದಪತ್ರ ಬರೆದು ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ನೀವು ಕೈಗೆತ್ತಿಕೊಂಡ ಪ್ರಶ್ನೆ ದೊಡ್ಡದು, ಅದನ್ನು ಕೊನೆಯಲ್ಲಿ ಅಷ್ಟು ಸುಲಭವಾಗಿ ಕೈಬಿಟ್ಟದ್ದು ನನ್ನನ್ನು ನೋಯಿಸಿದೆ. ಹೊಸದಾಗಿ ಬರೆಯುತ್ತಿರುವ ಇತರರಿಗೂ ಉಪಯೋಗವಾದೀತೆಂದು, ನಿಮ್ಮ ಹೆಸರು ಹೇಳದೆ, ಪತ್ರಿಕೆಯ ಪುಟದಲ್ಲಿಯೇ ಉತ್ತರಿಸುತ್ತಿದ್ದೇನೆ.

ಪ್ರಬಂಧವನ್ನು ಓದಿರದವರಿಗಾಗಿ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದ ಶಿಲ್ಪಿ ಟಾಮ್ ಆಟರ್ನೆಸ್ 1977ರಲ್ಲಿ, ತನ್ನ 25ನೆಯ ವಯಸ್ಸಿನಲ್ಲಿ, ಪ್ರಾಣಿಗಳ ಆಶ್ರಯತಾಣದಿಂದ ನಾಯಿಯೊಂದನ್ನು ದತ್ತು ಪಡೆದು ತಂದು, ಕಟ್ಟಿಹಾಕಿ, ಗುಂಡಿಟ್ಟು ಕೊಂದು, ಅದನ್ನು ಚಿತ್ರೀಕರಿಸಿ ಕಲಾಕೃತಿಯೆಂದು ಜನರ ಮುಂದಿಟ್ಟ. ಮುಂದೆ ಆತ ಸಾರ್ವಜನಿಕ ಸ್ಥಳಗಳ ಕಂಚಿನ ಶಿಲ್ಪಗಳಿಗೆ ಹೆಸರಾದ. 2008ರಲ್ಲಿ ಆ ಕೃತ್ಯ ಸಮರ್ಥಿಸಲಾಗದ್ದೆಂದು ಒಪ್ಪಿಕೊಂಡು ಕ್ಷಮೆ ಕೇಳಿದ. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಜನರ ವಿರೋಧ ಎದ್ದ ಮೇಲೆ, ಸುರಂಗ ರೈಲು ನಿಲ್ದಾಣಕ್ಕೆಂದು ಆತನಿಗೆ ಒಪ್ಪಿಸಿದ್ದ ಕೆಲಸವನ್ನು ಹಿಂತೆಗೆದುಕೊಳ್ಳಲಾಯಿತು. ಇಷ್ಟನ್ನೂ ನೀವು ಸರಿಯಾಗಿಯೇ ಬರೆದಿದ್ದೀರಿ. ಬರೆದು, ಕೊನೆಯ ಪ್ಯಾರಾದಲ್ಲಿ ಆತನನ್ನು ಕ್ಷಮಿಸಿಬಿಟ್ಟಿದ್ದೀರಿ.

ಮೊದಲ ತೊಡಕು ಅಳತೆಯದು. ನ್ಯೂಯಾರ್ಕಿನ 14ನೆಯ ಬೀದಿಯ ರೈಲು ನಿಲ್ದಾಣದಲ್ಲಿ ಅಲ್ಲಲ್ಲಿ ಇಟ್ಟಿರುವ ಆತನ ಪುಟ್ಟ ಕಂಚಿನ ಮನುಷ್ಯರನ್ನು ನೀವು ಪ್ರೀತಿಯಿಂದ ಎರಡು ಪುಟ ವರ್ಣಿಸಿದ್ದೀರಿ. ನಾಯಿಗೆ ಸಿಕ್ಕಿರುವುದು ಒಂದೇ ವಾಕ್ಯ, ಅದೂ ‘ಒಂದು ನಾಯಿಯ ಸಾವಿಗೆ ಕಾರಣನಾದ’ ಎಂಬ ಮೆತ್ತನೆಯ ವಾಕ್ಯ. ಆತ ಕೊಂದ ಎಂದು ಬರೆಯಿರಿ. ಮುಂದೆ ನೀವು ಕ್ಷಮೆಯನ್ನು ಕುರಿತು ಏನೇ ಹೇಳಿದರೂ, ಕ್ಷಮಿಸುತ್ತಿರುವುದು ಏನನ್ನು ಎಂಬುದು ಓದುಗನಿಗೆ ಮೊದಲು ಕಾಣಬೇಕು.

ಆ ಕೃತ್ಯವನ್ನು ‘ಇಪ್ಪತ್ತೈದರ ಆವೇಶ’ ಎಂದು ಕರೆದಿರುವುದನ್ನೂ ಒಪ್ಪಲಾರೆ. ಆವೇಶದಲ್ಲಿ ಕೈ ಮೀರಿ ನಡೆದುಹೋದದ್ದಲ್ಲ ಅದು. ಆಶ್ರಯತಾಣಕ್ಕೆ ಹೋಗಬೇಕು, ಅಲ್ಲಿರುವ ನಾಯಿಗಳಲ್ಲಿ ಒಂದನ್ನು ಆರಿಸಬೇಕು, ಕರೆದುಕೊಂಡು ಬರಬೇಕು, ಕಟ್ಟಬೇಕು, ಕ್ಯಾಮೆರಾ ಹೂಡಬೇಕು, ಗುರಿ ಹಿಡಿಯಬೇಕು. ಇಷ್ಟೂ ಹೊತ್ತು ಆ ನಾಯಿ ಕಣ್ಣೆದುರಿಗೇ ಇದೆ. ಒಂದೊಂದು ಹಂತದಲ್ಲಿಯೂ ‘ಬೇಡ’ ಎನ್ನಲು ಅವಕಾಶವಿತ್ತು. ವಯಸ್ಸಿನ ಮಾತು ಹೇಳಿ ಅಷ್ಟನ್ನೂ ಮುಚ್ಚಲಾಗದು.

ನಿಮ್ಮ ಬರಹದಲ್ಲಿ ನಿಜವಾಗಿ ಉಸಿರಾಡುವುದು ಮೂರನೆಯ ಪುಟದ ನಾಲ್ಕು ವಾಕ್ಯಗಳು ಮಾತ್ರ. ಹುಚ್ಚುನಾಯಿ ಕಚ್ಚಿದ್ದ, ತೋಟದ ಕಾರ್ಮಿಕರ ಲೈನ್ ಮನೆಯ ನಾಯಿಯನ್ನು ನಿಮ್ಮ ಚಿಕ್ಕಪ್ಪನವರು ಕೋವಿಯಿಂದ ಹೊಡೆದದ್ದು, ಕಾಫಿ ಕಣದ ಮೂಲೆಯ ಕಲ್ಲುಕಂಬಕ್ಕೆ ಕಟ್ಟಿದ್ದ ಅದು ದಿನವೂ ಅನ್ನ ಹಾಕುವವರು ಬಂದರೆಂದು ಬಾಲವಾಡಿಸಿದ್ದು, ಊರಿನ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದ ಅವರು ಆಮೇಲೆ ಬಹಳ ಕಾಲ ಪೆಟ್ಟಿಗೆಯನ್ನೇ ತೆರೆಯದೆ ಇದ್ದದ್ದು. ಎಷ್ಟು ಚೆನ್ನಾಗಿ ಕಂಡಿದ್ದೀರಿ! ಆದರೆ ಅದನ್ನು ಬಳಸಿರುವುದು ‘ಕೊಂದವರು ನಮ್ಮ ಮನೆಗಳಲ್ಲಿಯೂ ಇಲ್ಲವೇ’ ಎಂದು ಶಿಲ್ಪಿಯ ಭಾರವನ್ನು ಹಗುರ ಮಾಡಲು. ಈ ಹೋಲಿಕೆ ನಿಲ್ಲುವುದಿಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಲೈನಿನ ಮಕ್ಕಳಿಗೆ ಏನಾದೀತೋ ಎಂಬ ಭಯದಿಂದ ನಿಮ್ಮ ಚಿಕ್ಕಪ್ಪನವರು ಕೋವಿ ಎತ್ತಿದರು. ಬೇರೆ ದಾರಿಯಿತ್ತೇ ಎಂದು ಚರ್ಚಿಸಬಹುದು, ಚರ್ಚಿಸಲೂಬೇಕು. ಆದರೆ ಅವರಿಗೆ ಆ ಸಾವು ಬೇಕಾಗಿರಲಿಲ್ಲ. ಶಿಲ್ಪಿಗೆ ಬೇಕಾಗಿದ್ದದ್ದೇ ಅದು, ಅದಿಲ್ಲದಿದ್ದರೆ ಆತನ ಚಿತ್ರವೇ ಇಲ್ಲ.

ಈ ವ್ಯತ್ಯಾಸವನ್ನು ನಮ್ಮ ಹಾಸನ ಜಿಲ್ಲೆಯ ನೆಲ ಬಹಳ ಹಿಂದೆಯೇ ಬಲ್ಲದು. ಹಳೇಬೀಡಿನಿಂದ ಆಳಿದ ವೀರಬಲ್ಲಾಳನ ಆಸ್ಥಾನಕವಿ ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯನ್ನು ನೀವು ಓದಿರಬೇಕು. ತಾಯಿಯ ಒತ್ತಾಯಕ್ಕೆ ಮಣಿದ ಅರಸ ಯಶೋಧರ, ಜೀವವಿರುವ ಕೋಳಿಯ ಬದಲಿಗೆ ಹಿಟ್ಟಿನ ಕೋಳಿಯನ್ನು ದೇವಿಯ ಮುಂದೆ ಕಡಿಯುತ್ತಾನೆ. ಕಡಿದೊಡನೆ ಹಿಟ್ಟಿನ ಕೋಳಿ ಕೂಗುತ್ತದೆ. ಆ ಸಂಕಲ್ಪಹಿಂಸೆಗೆ, ಎಂದರೆ ಮನಸ್ಸಿನಲ್ಲಿ ಮಾಡಿದ ಕೊಲೆಗೆ, ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟಿ, ಅಲ್ಲಿಂದ ಜನ್ಮಜನ್ಮಾಂತರ ಪ್ರಾಣಿಗಳ ನೋವನ್ನು ತಾವೇ ಉಣ್ಣಬೇಕಾಗುತ್ತದೆ. ಹಿಟ್ಟನ್ನು ಕಡಿದ ಮನಸ್ಸಿಗೇ ಇಷ್ಟು ಲೆಕ್ಕ ಕೇಳಿದ ಕಾವ್ಯದ ಊರಿಗೆ ಇಷ್ಟು ಹತ್ತಿರದಲ್ಲಿದ್ದುಕೊಂಡು, ‘ಆತನ ಉದ್ದೇಶ ಕಲೆಯಾಗಿತ್ತು’ ಎಂಬುದನ್ನು ನೀವು ಶಿಲ್ಪಿಯ ಪರವಾದ ಸಾಕ್ಷಿಯನ್ನಾಗಿ ಹೇಗೆ ತಂದಿರಿ? ಅಲ್ಲಿ ಅತಿ ಭಾರವಾದದ್ದು ಆ ಉದ್ದೇಶವೇ. ಇನ್ನೊಂದನ್ನೂ ಗಮನಿಸಿ: ಆ ಕಥೆಯ ಕೊನೆಯ ತಿರುವು ಬರುವುದು ಕ್ಷಮೆಯ ಮಾತಿನಿಂದಲ್ಲ, ಬಲಿ ಕೊಡಲು ಹೊರಟಿದ್ದ ಇನ್ನೊಬ್ಬ ಅರಸ ಮಾರಿದತ್ತ ಈ ಕಥೆ ಕೇಳಿ ಬಲಿಯನ್ನೇ ಬಿಟ್ಟುಬಿಡುವುದರಿಂದ.

ಹಾಗಾದರೆ ಕ್ಷಮೆಯೇ ಇಲ್ಲವೇ ಎಂದು ಕೇಳುವಿರಿ. ಕ್ಷಮಿಸುವ ಅಧಿಕಾರ ಪೆಟ್ಟು ತಿಂದವರದು ಎಂದು ನಾನು ನಂಬಿದ್ದೇನೆ, ಮತ್ತು ಪೆಟ್ಟು ತಿಂದ ಆ ಜೀವ ಈಗ ಇಲ್ಲ. ಅದರ ಪರವಾಗಿ ನೀವಾಗಲಿ ನಾನಾಗಲಿ ಸಹಿ ಹಾಕಲು ಬರುವುದಿಲ್ಲ. ಮನುಷ್ಯ ಬದಲಾಗುವುದೇ ಇಲ್ಲವೆಂದು ಇದರ ಅರ್ಥವಲ್ಲ. ಮೂವತ್ತು ವರ್ಷ ತಡವಾಗಿ ಬಂತೆಂಬ ಮಾತ್ರಕ್ಕೆ ಆತನ ಪಶ್ಚಾತ್ತಾಪವನ್ನು ಸುಳ್ಳೆನ್ನಲೂ ಆಗದು. ನಮ್ಮ ಕೈಯಲ್ಲಿರುವ ನಿರ್ಧಾರ ಬೇರೆ: ಜನರ ತೆರಿಗೆಯ ಹಣದಿಂದ, ಮಕ್ಕಳು ಮುಟ್ಟಿ ಆಡುವ ಜಾಗದಲ್ಲಿ, ಆತನ ಹೊಸ ಕೆಲಸವನ್ನು ನಿಲ್ಲಿಸಬೇಕೇ ಬೇಡವೇ ಎಂಬುದು. ಸ್ಯಾನ್ ಫ್ರಾನ್ಸಿಸ್ಕೊದ ತೀರ್ಮಾನವನ್ನು ನೀವು ಸೇಡು ಎಂದಿದ್ದೀರಿ. ಸರ್ಕಾರಿ ಗುತ್ತಿಗೆ ಯಾವ ಕಲಾವಿದನ ಹಕ್ಕೂ ಅಲ್ಲ. ಅದನ್ನು ಕೊಡದಿರುವುದು ಸೇಡಾಗದು. ಹಾಗೆಂದು, ಈಗಾಗಲೇ ನಿಂತಿರುವ ಶಿಲ್ಪಗಳನ್ನು ಕಿತ್ತುಹಾಕಿ ಎನ್ನುವವರ ಜೊತೆಗೂ ನಾನಿಲ್ಲ. ಜನ ಅವುಗಳನ್ನು ನೋಡಲಿ, 1977ನ್ನು ತಿಳಿದುಕೊಂಡೇ ನೋಡಲಿ.

ಶಿಕ್ಷೆ ಅನುಭವಿಸಿದರೆ ಋಣ ತೀರುತ್ತದೆ ಎಂದು ಒಂದು ಕಡೆ ಬರೆದಿದ್ದೀರಿ. ನಮ್ಮ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಮೊದಲ ಅಪರಾಧಕ್ಕೆ ಹೇಳುವ ದಂಡ 10ರಿಂದ 50 ರೂಪಾಯಿ. ಅಷ್ಟನ್ನು ಕಟ್ಟಿ ಹೊರಬಂದವನ ಲೆಕ್ಕ ಚುಕ್ತಾ ಆಯಿತೆಂದು ನೀವೂ ಒಪ್ಪಲಾರಿರಿ.

ಒಂದು ಸಂಗತಿಯನ್ನು ತಿದ್ದಲೇಬೇಕು. 2007ರಲ್ಲಿ ನಿಕರಾಗುವಾದ ಮನಾಗ್ವಾ ನಗರದ ಗ್ಯಾಲರಿಯೊಂದರಲ್ಲಿ ಕಲಾವಿದ ಗಿಯೆರ್ಮೊ ವರ್ಗಾಸ್ ಪ್ರದರ್ಶನಕ್ಕೆಂದು ಕಟ್ಟಿಹಾಕಿದ್ದ ಬಡಕಲು ನಾಯಿ ಹಸಿವಿನಿಂದ ಸತ್ತಿತೆಂದು ನೀವು ಖಚಿತವಾಗಿ ಬರೆದಿದ್ದೀರಿ. ನಾಯಿಗೆ ಊಟ ಹಾಕಲಾಗುತ್ತಿತ್ತು, ಅದು ತಪ್ಪಿಸಿಕೊಂಡು ಹೋಯಿತು ಎಂಬುದು ಗ್ಯಾಲರಿಯವರ ಹೇಳಿಕೆ. ಎರಡನ್ನೂ ಬರೆಯಿರಿ, ಒಬ್ಬನನ್ನು ಕ್ರೂರಿಯೆಂದು ಕರೆಯುವ ಬರಹ ಎಲ್ಲಕ್ಕಿಂತ ಹೆಚ್ಚು ಎಚ್ಚರದಿಂದಿರಬೇಕು. 2000ದಲ್ಲಿ ಡೆನ್ಮಾರ್ಕಿನಲ್ಲಿ ಮಿಕ್ಸರ್‌ಗಳೊಳಗೆ ಜೀವಂತ ಮೀನುಗಳನ್ನು ಬಿಟ್ಟು ಪ್ರದರ್ಶನಕ್ಕಿಟ್ಟ ಪ್ರಸಂಗವನ್ನು ಬಿಟ್ಟುಬಿಡಿ. ಅಲ್ಲಿ ಗುಂಡಿ ಒತ್ತುವ ಆಯ್ಕೆ ನೋಡಲು ಬಂದವರದಾಗಿತ್ತು, ಅದು ಇನ್ನೊಂದೇ ಲೇಖನದ ವಸ್ತು.

ಕಂಚಿನ ವರ್ಣನೆಯನ್ನು ಅರ್ಧಕ್ಕೆ ಇಳಿಸಿ, ಕೊನೆಯ ಪ್ಯಾರಾವನ್ನು ಪೂರ್ತಿ ತೆಗೆದುಹಾಕಿ, ನಿಮ್ಮ ಚಿಕ್ಕಪ್ಪನವರ ಭಾಗವನ್ನು ಬೆಳೆಸಿ, ಅವರು ಬದುಕಿದ್ದರೆ ಅವರ ಒಪ್ಪಿಗೆ ಕೇಳಿ ಮರಳಿ ಕಳುಹಿಸಿ. ಶಿಲ್ಪಿಯನ್ನು ಕ್ಷಮಿಸಬಹುದೆಂದೇ ನಿಮಗೆ ಆಗಲೂ ಅನ್ನಿಸಿದರೆ ಹಾಗೆಯೇ ಬರೆಯಿರಿ. ನಾನು ಒಪ್ಪುವುದಿಲ್ಲವೆಂಬ ಕಾರಣಕ್ಕೆ ಅದನ್ನು ಹಿಂದಿರುಗಿಸುವುದಿಲ್ಲ.

ವಿಶ್ವಾಸದಿಂದ,
ಸಂಪಾದಕ, ಹಾಸನ