ಅನಿಮೆ ನೋಡಿ ದಿನಗಟ್ಟಲೆ ಮನಸ್ಸು ಭಾರವಾಗುವುದು ಸಹಜವೇ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. 'ವಯಲೆಟ್ ಎವರ್‌ಗಾರ್ಡನ್' ಅನ್ನುವ ಅನಿಮೆ (ಜಪಾನಿನ ಆನಿಮೇಷನ್) ಸರಣಿ ನೋಡಿ ಮುಗಿಸಿ ನಾಲ್ಕು ದಿನವಾದರೂ ಸುಧಾರಿಸಿಕೊಳ್ಳಲು ಆಗುತ್ತಿಲ್ಲ, 'ಕಾರ್ಟೂನ್ ನೋಡಿ ಅಳ್ತೀಯಲ್ಲೋ' ಅಂತ ರೂಮ್‌ಮೇಟ್ ಆಡಿಕೊಳ್ಳುತ್ತಾನೆ ಎಂದು ಬರೆದಿದ್ದೀರಿ. ನನಗೆ ನಾಲ್ಕಲ್ಲ, ಹತ್ತು ದಿನ ಹಿಡಿಯಿತು. ಅದೂ ಇದೇ ಸರಣಿ. ನಲವತ್ತು ದಾಟಿದ ಗಂಡಸು, ಮನೆಯವರೆಲ್ಲ ಮಲಗಿದ ಮೇಲೆ ಮೊಬೈಲ್ ಹಿಡಿದು ಮೂಗೊರೆಸಿಕೊಳ್ಳುತ್ತಾ ಕೂತಿದ್ದೆ. ಹೆಂಡತಿ ಎದ್ದು ಬಂದು 'ಯಾರಿಗೇನಾಯ್ತು?' ಅಂತ ಗಾಬರಿಯಾದಳು. ಅದು 2021ರ ಮೇ, ಕೊರೊನಾ ಎರಡನೇ ಅಲೆಯ ಸಮಯ. ಆ ದಿನಗಳಲ್ಲಿ ಅಪರಾತ್ರಿ ಯಾರಾದರೂ ಅತ್ತರೆ ಮೊದಲು ಬರುತ್ತಿದ್ದ ಯೋಚನೆ ಅದೇ ಅಲ್ವಾ. 'ಯಾರಿಗೂ ಏನೂ ಆಗಿಲ್ಲ, ಇದೊಂದು ಅನಿಮೆ' ಅಂದೆ. ಬೈದು ಹೋಗಿ ಮಲಗಿದಳು.

ಹಾಗಾಗಿ, ಹೌದು, ಸಹಜವೇ. ಆದರೆ ಇದೇ ಸರಣಿ ಯಾಕೆ ಇಷ್ಟು ಕಾಡುತ್ತದೆ ಅಂತ ನಾನೂ ತಲೆ ಕೆಡಿಸಿಕೊಂಡಿದ್ದೇನೆ. ಅದನ್ನು ಬರೆಯುತ್ತೇನೆ. ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಕತೆಯೆಲ್ಲ ಬಯಲಾಗುತ್ತದೆ.

ವಯಲೆಟ್ ಯುದ್ಧದಲ್ಲಿ ಬೆಳೆದ ಹುಡುಗಿ. ಎರಡೂ ಕೈ ಕಳೆದುಕೊಂಡು ಲೋಹದ ಕೈ ಹಾಕಿಸಿಕೊಂಡಿದ್ದಾಳೆ. ಮೇಜರ್ ಗಿಲ್ಬರ್ಟ್ ಕೊನೆಯದಾಗಿ 'ನಿನ್ನನ್ನು ಪ್ರೀತಿಸುತ್ತೇನೆ' ಅಂದಿದ್ದ. ಆ ಮಾತಿನ ಅರ್ಥ ಅವಳಿಗೆ ಗೊತ್ತಿಲ್ಲ. ಅದನ್ನು ತಿಳಿಯಬೇಕೆಂದೇ ಬೇರೆಯವರ ಪರವಾಗಿ ಪತ್ರ ಬರೆದುಕೊಡುವ ಕೆಲಸಕ್ಕೆ ಸೇರುತ್ತಾಳೆ. ಅಳು ತರಿಸುವ ಬೇರೆ ಕತೆಗಳಲ್ಲಿ ಪಾತ್ರವೇ ಮೊದಲು ಅತ್ತುಬಿಡುತ್ತದೆ. ಇಲ್ಲಿ ಹಾಗಿಲ್ಲ. ಇವಳ ಮುಖ ಅಲ್ಲಾಡುವುದಿಲ್ಲ, ದನಿಯೂ ಏರುವುದಿಲ್ಲ. ಜಪಾನಿ ದನಿ ಯುಯಿ ಇಶಿಕಾವಾ ಅವರದು. ಪ್ರತಿ ಮಾತೂ ಸೈನಿಕ ಮೇಲಧಿಕಾರಿಗೆ ವರದಿ ಒಪ್ಪಿಸಿದ ಹಾಗೆ. ಅವಳಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತಿರುತ್ತದೆ. ಅವಳು ಅಳದೆ ಬಿಟ್ಟದ್ದೆಲ್ಲ ನಮ್ಮ ತಲೆ ಮೇಲೆ ಬರುತ್ತದೆ.

ಎಲ್ಲರೂ ಹತ್ತನೇ ಕಂತಿನ ಬಗ್ಗೆ ಮಾತಾಡುತ್ತಾರೆ. ನನ್ನನ್ನು ಮೊದಲು ಕೆಡವಿದ್ದು ಮೂರನೆಯದು. ಪತ್ರ ಬರೆಯುವುದನ್ನು ಕಲಿಸುವ ಶಾಲೆ. ಟೈಪಿಂಗ್‌ನಲ್ಲಿ ವಯಲೆಟ್‌ಗೆ ಸರಿಸಾಟಿ ಇಲ್ಲ. ಆದರೆ ಜೊತೆಯ ಹುಡುಗಿ ಲುಕ್ಯುಲಿಯಾ ತನ್ನ ಅಪ್ಪ ಅಮ್ಮನಿಗೆ ಹೇಳಬೇಕೆಂದದ್ದನ್ನು ಇವಳು ಕಚೇರಿಯ ವರದಿಯಂತೆ ಬರೆದಿಡುತ್ತಾಳೆ. ಇದು ಪತ್ರವೇ ಅಲ್ಲ ಅನ್ನುತ್ತಾರೆ ಟೀಚರ್. ಲುಕ್ಯುಲಿಯಾಳ ಅಪ್ಪ ಅಮ್ಮ ಯುದ್ಧದಲ್ಲಿ ತೀರಿಹೋಗಿದ್ದಾರೆ. ಸೈನಿಕನಾಗಿದ್ದ ಅಣ್ಣ ಅವರನ್ನು ಉಳಿಸಲಾಗಲಿಲ್ಲ ಎಂಬ ಕೊರಗಿನಲ್ಲಿ ಕುಡಿಯುತ್ತಾ ಬಿದ್ದಿರುತ್ತಾನೆ. ಕೊನೆಗೆ ವಯಲೆಟ್ ಅವನಿಗೆ ತಂಗಿಯ ಪರವಾಗಿ ಒಂದು ಪತ್ರ ತಂದುಕೊಡುತ್ತಾಳೆ. ಎರಡೇ ಸಾಲು. ನೀನು ಬದುಕಿ ಬಂದದ್ದೇ ನನಗೆ ಖುಷಿ, ಥ್ಯಾಂಕ್ಸ್ ಅನ್ನುವ ಅರ್ಥದ್ದು.

ನನಗೆ ನೆನಪಾದದ್ದು ನಮ್ಮಜ್ಜಿ.

ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಸಾಗರದ ಹತ್ತಿರ ನಮ್ಮ ಹಳ್ಳಿ. ಹುಬ್ಬಳ್ಳಿಯಲ್ಲಿದ್ದ ಅತ್ತೆಗೆ ಪತ್ರ ಬರೆಯುವ ಕೆಲಸ ನಾಲ್ಕನೇ ಕ್ಲಾಸಿನಿಂದಲೇ ನನ್ನದು. ಜಗಲಿಯಲ್ಲಿ ನೀಲಿ ಇನ್‌ಲ್ಯಾಂಡ್ ಲೆಟರ್ ಹರವಿಕೊಂಡು ಕೂರುತ್ತಿದ್ದೆ. ಮೊದಲ ಸಾಲು 'ಉಭಯ ಕುಶಲೋಪರಿ ಸಾಂಪ್ರತ'. ಹಾಗಂದರೇನು ಅಂತ ನನಗೂ ಗೊತ್ತಿರಲಿಲ್ಲ, ಅಜ್ಜಿಗೂ ಗೊತ್ತಿರಲಿಲ್ಲ. ಆಮೇಲೆ ಮಳೆ, ಅಡಿಕೆ, ದನ ಕರು ಹಾಕಿದ್ದು. ನಡುನಡುವೆ ಅಜ್ಜಿ ಏನೋ ಹೇಳಿ, ತಕ್ಷಣ 'ಅದು ಬರೀಬೇಡ' ಅನ್ನುತ್ತಿದ್ದಳು. ಬರೆದದ್ದಕ್ಕಿಂತ ಬರೀಬೇಡ ಅಂದದ್ದೇ ಜಾಸ್ತಿ. ಕಾಲು ನೋವು, ಬರೀಬೇಡ. ರಾತ್ರಿ ನಿದ್ದೆ ಬರೋದಿಲ್ಲ, ಬರೀಬೇಡ. ಅವಳು ಬಂದು ಎರಡು ವರ್ಷ ಆಯ್ತಲ್ಲೋ, ಅದೂ ಬರೀಬೇಡ.

ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು. ಅದನ್ನೂ ಬರೀಬೇಡ ಅಂದಳು. ನಾನು ಮಡಚಿ ಅಂಟಿಸುವ ಪಟ್ಟಿಯ ಪಕ್ಕ ಸಣ್ಣ ಅಕ್ಷರದಲ್ಲಿ 'ಅಜ್ಜಿ ಬಿದ್ದಿದ್ದಾಳೆ, ನೀವು ಬನ್ನಿ' ಅಂತ ಬರೆದೆ. ಎಂಟನೇ ದಿನ ಅತ್ತೆ ಬಸ್ಸಿಳಿದು ಬಂದರು. ಅಜ್ಜಿ ನನಗೆ 'ಬರೀಬೇಡ ಅಂದಿರ್ಲಿಲ್ವೇನೋ' ಅಂತ ಚೆನ್ನಾಗಿ ಬೈದಳು. ಆ ಸಂಜೆ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು, ಯಾರು ಬೇಡವೆಂದರೂ ಕೇಳದೆ ಒಲೆ ಮುಂದೆ ಕೂತು ಹೋಳಿಗೆ ಮಾಡಿದಳು.

ಮೂವತ್ತು ವರ್ಷ ಇದು ನನಗೆ ನೆನಪೇ ಇರಲಿಲ್ಲ. ಜಪಾನಿನವರು ಬರೆದ ಯಾವುದೋ ಊರಿನ ಕತೆ ಹೋಗಿ ಸಾಗರದ ಜಗಲಿಯನ್ನು ತಟ್ಟಿತು. ನಿಮಗೂ ಹೀಗೇ ಏನೋ ತಟ್ಟಿರಬೇಕು. ನಾಲ್ಕು ದಿನದಿಂದ ನೀವು ಅಳುತ್ತಿರುವುದು ವಯಲೆಟ್‌ಗಾಗಿಯೇ ಇರಬೇಕಿಲ್ಲ.

ಹತ್ತನೇ ಕಂತಿಗೆ ಬರುತ್ತೇನೆ. ಆನ್ ಅನ್ನುವ ಹುಡುಗಿಗೆ ಏಳು ವರ್ಷ. ಅಪ್ಪ ಯುದ್ಧದಲ್ಲಿ ಹೋದ. ಅಮ್ಮನಿಗೆ ವಾಸಿಯಾಗದ ಕಾಯಿಲೆ. ಅಮ್ಮ ಏಳು ದಿನ ವಯಲೆಟ್‌ನ ಜೊತೆ ಕೂತು ಪತ್ರ ಬರೆಸುತ್ತಾಳೆ. ಇರುವ ಸ್ವಲ್ಪ ದಿನವನ್ನೂ ಯಾರದೋ ಪತ್ರಕ್ಕೆ ಕೊಡುತ್ತಿದ್ದಾಳಲ್ಲ ಅಂತ ಮಗಳಿಗೆ ಸಿಟ್ಟು. ಆ ಪತ್ರಗಳೆಲ್ಲ ಅವಳಿಗೇ ಎಂದು ನಮಗೆ ಗೊತ್ತಾಗುವುದು ಆಮೇಲೆ. ಮುಂದಿನ 50 ವರ್ಷ, ಪ್ರತಿ ಹುಟ್ಟುಹಬ್ಬಕ್ಕೆ ಒಂದು. ಅಮ್ಮ ಸಾಯುವುದನ್ನು ಹಿಗ್ಗಿಸಿ ತೋರಿಸುವುದೇ ಇಲ್ಲ. ಪತ್ರ ಬರುತ್ತದೆ, ಹುಡುಗಿ ಬೆಳೆಯುತ್ತಾಳೆ. ಮತ್ತೆ ಪತ್ರ ಬರುತ್ತದೆ, ಅವಳ ಕಂಕುಳಲ್ಲೇ ಮಗು. ಕೊನೆಗೆ ಕಚೇರಿಗೆ ಮರಳಿದ ವಯಲೆಟ್, ಆ ಮನೆಯಲ್ಲಿದ್ದಷ್ಟು ದಿನವೂ ಅಳು ತಡೆದುಕೊಂಡಿದ್ದೆ ಎಂದು ಬಿಕ್ಕುತ್ತಾಳೆ. ನಾವೂ ಅಷ್ಟು ಹೊತ್ತು ತಡೆದುಕೊಂಡೇ ಇದ್ದೆವಲ್ಲ. ಅಲ್ಲಿ ಕಟ್ಟೆ ಒಡೆಯುತ್ತದೆ.

ಎಲ್ಲಾ ಕಂತೂ ಹೀಗಿವೆ ಅನ್ನುವುದಿಲ್ಲ. 13 ಕಂತುಗಳಲ್ಲಿ ಕೊನೆಯ ಎರಡರ ರೈಲು, ಬಾಂಬು, ಹೊಡೆದಾಟ ನನಗೆ ಸಪ್ಪೆ ಅನ್ನಿಸಿತು. ಪತ್ರದ ಕತೆಗೆ ಅದು ಬೇಕಿರಲಿಲ್ಲ. ಸಂಗೀತ ಮಾತ್ರ ಎಲ್ಲೂ ಸೋಲುವುದಿಲ್ಲ. ಇವಾನ್ ಕಾಲ್ ಟೈಪ್‌ರೈಟರ್ ಸದ್ದನ್ನೇ ತಾಳದ ಹಾಗೆ ಬಳಸಿದ್ದಾರೆ. ಈಗಲೂ ಆ ಟಕಟಕ ಕೇಳಿದರೆ ನನ್ನ ಗಂಟಲು ಕಟ್ಟುತ್ತದೆ.

ಇನ್ನೊಂದು ವಿಷಯ ನಿಮಗೆ ಗೊತ್ತಿರಬಹುದು. ಇದನ್ನು ಮಾಡಿದ್ದು ಕ್ಯೋಟೋ ಅನಿಮೇಷನ್. ಸರಣಿ ಬಂದದ್ದು 2018ರಲ್ಲಿ. 2019ರ ಜುಲೈ 18ರಂದು ಅವರ ಸ್ಟುಡಿಯೋಗೆ ಒಬ್ಬ ಬೆಂಕಿ ಹಚ್ಚಿದ. 36 ಜನ ಸತ್ತರು. ನನಗೆ ಇದು ಗೊತ್ತಾದದ್ದು ಸರಣಿ ಮುಗಿಸಿದ ಮೇಲೆ. ಮತ್ತೆ ಹತ್ತನೇ ಕಂತು ಹಾಕಿದೆ. ಯಾವಾಗಲೂ ಹಾರಿಸುತ್ತಿದ್ದ ಕೊನೆಯ ಹೆಸರುಗಳ ಪಟ್ಟಿಯನ್ನು ಹಾರಿಸದೆ ನೋಡಿದೆ. ಜಪಾನಿ ಅಕ್ಷರ, ಒಂದೂ ಓದಲು ಬರಲಿಲ್ಲ.

ಇನ್ನು ನೀವು ಕೇಳಿದ 'ಹೊರಗೆ ಬರುವುದು ಹೇಗೆ'. ನಾನು ಮಾಡಿದ ತಪ್ಪು ಹೇಳುತ್ತೇನೆ. ಮರುದಿನವೇ ಇನ್ನೊಂದು ಸರಣಿ ಶುರು ಮಾಡಿದೆ. ಅದೂ ಹಾಳಾಯಿತು, ಇದೂ ಹೋಗಲಿಲ್ಲ. ನಾಲ್ಕು ದಿನ ಸುಮ್ನೆ ಬಿಡಿ. ನಿದ್ದೆ ಊಟ ಕೆಟ್ಟು ವಾರಗಟ್ಟಲೆ ಹಾಗೇ ಇದ್ದರೆ ಅದು ಅನಿಮೆಯ ವಿಷಯವಲ್ಲ, ಯಾರಾದರೂ ಆಪ್ತರ ಹತ್ತಿರ ಅಥವಾ ಡಾಕ್ಟರ ಹತ್ತಿರ ಮಾತಾಡಿ.

2020ರ ಸಿನಿಮಾ ಈಗಲೇ ನೋಡಬೇಡಿ. ಅದು ಶುರುವಾಗುವುದೇ ಆನ್‌ಳ ಮೊಮ್ಮಗಳ ಕೈಗೆ ಆ ಹಳೇ ಪತ್ರಗಳು ಸಿಗುವುದರಿಂದ. ನಾನು ಹತ್ತೇ ನಿಮಿಷಕ್ಕೆ ನಿಲ್ಲಿಸಿ ಎದ್ದು ನೀರು ಕುಡಿದು ಬಂದೆ. ಆ ಸಲ ಹೆಂಡತಿಯೂ ಪಕ್ಕದಲ್ಲಿ ಕೂತಿದ್ದಳು. ನಾನು ಬರುವಷ್ಟರಲ್ಲಿ ಅವಳೇ ಮುಂದಕ್ಕೆ ಹಾಕಿಕೊಂಡಿದ್ದಳು, ಕೈಯಲ್ಲಿ ಟವೆಲ್.

ನಿಮ್ಮ ರೂಮ್‌ಮೇಟ್‌ಗೆ ಹತ್ತನೇ ಕಂತು ಒಂದನ್ನೇ ತೋರಿಸಬೇಡಿ. ಮೊದಲನೆಯದರಿಂದಲೇ ಕೂರಿಸಿ.