ಗೇರು, ಗೋಡಂಬಿ, ಕಾಜು

ಪ್ರಶ್ನೆ: ನಮ್ಮ ಮನೆಯಲ್ಲಿ ಗೇರುಬೀಜ ಎನ್ನುತ್ತೇವೆ; ಕಾರವಾರದ ಕೊಂಕಣಿ ನೆಂಟರು ಕಾಜು ಎನ್ನುತ್ತಾರೆ; ಅಂಗಡಿಯ ಪೊಟ್ಟಣದ ಮೇಲೆ ಗೋಡಂಬಿ ಎಂದಿರುತ್ತದೆ. ಇವುಗಳಲ್ಲಿ ಮೂಲ ಹೆಸರು ಯಾವುದು? ಗೇರುಸೊಪ್ಪೆಗೆ ಆ ಹೆಸರು ಬಂದದ್ದು ಇದೇ ಮರದಿಂದಲೇ?
— ಓದುಗರೊಬ್ಬರು, ಹೊನ್ನಾವರ

ಉತ್ತರ: ಮರದ ತವರಿನ ಹೆಸರನ್ನು ಕೇಳುವುದಾದರೆ ಅದು ಕಾಜು. ಬ್ರೆಜಿಲಿನ ತುಪಿ ಜನರ ‘ಅಕಾಜು’ ಎಂಬ ಮಾತನ್ನು ಪೋರ್ಚುಗೀಸರು ‘ಕಾಜು’ ಎಂದು ಮಾಡಿಕೊಂಡು, 16ನೆಯ ಶತಮಾನದಲ್ಲಿ ಮರದೊಂದಿಗೆ ಹೆಸರನ್ನೂ ನಮ್ಮ ಕರಾವಳಿಗೆ ತಂದರು. ಕೊಂಕಣಿಯು ಅದನ್ನು ಹಾಗೆಯೇ ಇಟ್ಟುಕೊಂಡಿತು.

ಕನ್ನಡಿಗರು ಮಾತ್ರ ಪರದೇಶದ ಮರಕ್ಕೆ ತಮ್ಮ ಕಾಡಿನ ಹೆಸರನ್ನೇ ಕೊಟ್ಟರು. ಗೇರು ಎಂದರೆ ಮೊದಲು ಸಂಸ್ಕೃತದಲ್ಲಿ ಭಲ್ಲಾತಕವೆನಿಸಿದ ಮರ. ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದುದು ಅದರ ಕಾಯಿಯ ಕಪ್ಪು ರಸದಿಂದ. ಎರಡೂ ಮಾವಿನ ಕುಟುಂಬದವು. ಎರಡರಲ್ಲಿಯೂ ಬೀಜವು ಹಣ್ಣಿನೊಳಗೆ ಅಡಗದೆ ತುದಿಯಲ್ಲಿ ಹೊರಗೇ ಕುಳಿತಿರುತ್ತದೆ. ಎರಡರ ಸಿಪ್ಪೆಯ ಎಣ್ಣೆಯೂ ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ. ಬೇಸಿಗೆ ರಜೆಯಲ್ಲಿ ಬೀಜವನ್ನು ಕೆಂಡದಲ್ಲಿ ಸುಟ್ಟು, ಸರಿಯಾಗಿ ಸುಡುವ ಮೊದಲೇ ಹಲ್ಲಿನಿಂದ ಒಡೆದು, ತುಟಿಯ ಚರ್ಮ ಸುಲಿಸಿಕೊಂಡವರಿಗೆ ಈ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಮರ ದುಡ್ಡು ತರುವ ಬೆಳೆಯಾದ ಮೇಲೆ ಗೇರು ಎಂಬ ಹೆಸರು ಅದಕ್ಕೇ ನಿಂತು, ಹೆಸರಿನ ಹಳೆಯ ಒಡೆಯ ‘ಕರಿಗೇರು’ ಎನಿಸಿಕೊಂಡು ಬದಿಗೆ ಸರಿಯಬೇಕಾಯಿತು.

ಗೋಡಂಬಿಯದೂ ಇದೇ ಕತೆ. ಮರಾಠಿಯಲ್ಲಿ ಗೋಡಂಬಿ ಎಂದರೆ ಇಂದಿಗೂ ಕರಿಗೇರಿನ ಬೀಜದ ತಿರುಳು, ಕಾಜು ಅಲ್ಲ. ಆ ಕಡೆಯ ಅಂಗಡಿಯಲ್ಲಿ ಕೇಳುವವರು ಇದನ್ನು ನೆನಪಿಟ್ಟುಕೊಳ್ಳುವುದು ಲೇಸು. ತೆಲುಗರ ಜೀಡಿಯೂ ಹೀಗೆಯೇ ಕರಿಗೇರಿನಿಂದ ಗೋಡಂಬಿಗೆ ದಾಟಿದ ಹೆಸರು. ಮಲಯಾಳಿಗಳು ‘ಪರಂಗಿ ಮಾವು’ ಎಂದು ಕರೆದು, ಮರ ಬಂದ ದಾರಿಯನ್ನು ಹೆಸರಿನಲ್ಲಿಯೇ ಉಳಿಸಿಕೊಂಡರು.

ಇನ್ನು ಶರಾವತಿಯ ದಡದ ಗೇರುಸೊಪ್ಪೆ. ಆ ಊರಿನ ಹೆಸರು 15ನೆಯ ಶತಮಾನದ ಶಾಸನಗಳಲ್ಲಿಯೇ ಇದೆ. ವಾಸ್ಕೋ ಡ ಗಾಮ ಈ ಕರಾವಳಿಗೆ ಬಂದದ್ದು 1498ರಲ್ಲಿ. ಅಂದ ಮೇಲೆ ಗೋಡಂಬಿಯ ಮರವು ಊರಿಗೆ ಹೆಸರು ಕೊಟ್ಟಿರುವುದು ಸಾಧ್ಯವೇ ಇಲ್ಲ. ಗೇರಿನ ಸೊಪ್ಪಿನಿಂದ ಗೇರುಸೊಪ್ಪೆಯಾಯಿತೆಂಬ ವಾಡಿಕೆಯ ವಿವರಣೆಯನ್ನು ಒಪ್ಪುವುದಾದರೆ, ಆ ಸೊಪ್ಪು ಕರಿಗೇರಿನದೇ ಹೊರತು ನಿಮ್ಮ ಬೇಣದಲ್ಲಿ ಬೆಳೆದ ಗೇರಿನದಲ್ಲ.