500 ಇಂಗ್ಲಿಷ್ ಇಡಿಯಂ ಬಾಯಿಪಾಠ ಮಾಡಿದರೆ ಇಂಟರ್‌ವ್ಯೂನಲ್ಲಿ ಉಪಯೋಗ ಆಗುತ್ತಾ?

ಇಡಿಯಂ, ಅಂದರೆ ನುಡಿಗಟ್ಟು, ಉರು ಹೊಡೆಯುವ ಬಗ್ಗೆ ಹಾವೇರಿಯಿಂದ ಕೇಳಿದ್ದೀರಿ. ನಿಮ್ಮದು ಹಾವೇರಿ, ನನ್ನದು ಧಾರವಾಡದ ಸಪ್ತಾಪುರ, ಅಷ್ಟೇ ವ್ಯತ್ಯಾಸ. ನೋಟ್‌ಬುಕ್ಕಿನ ಎಡಕ್ಕೆ ಇಡಿಯಂ, ಬಲಕ್ಕೆ ಒಂದು ಸಾಲು ಅರ್ಥ, ದಿನಕ್ಕೆ ಹತ್ತು. ನಾನೂ ಹಾಗೇ ಉರು ಹೊಡೆದವನು. ಇಂಟರ್‌ವ್ಯೂ ಪಾಸಾಯಿತು, ಆದರೆ ಅಲ್ಲಿ ಒಂದೂ ಇಡಿಯಂ ಬಾಯಿಗೆ ಬರಲಿಲ್ಲ. ಆ ನೋಟ್‌ಬುಕ್ಕು ಕೈ ಕೊಟ್ಟಿದ್ದು ಕೆಲಸಕ್ಕೆ ಸೇರಿದ ಮೇಲೆ.

ಹುಬ್ಬಳ್ಳಿಯಲ್ಲಿ ಆಫೀಸು, ಅಮೆರಿಕದ ಕ್ಲೈಂಟು. ಒಂದು ಹೊಸ ಫೀಚರ್ ಬಗ್ಗೆ ಮಾತು ಬಂದಾಗ ಆ ಕಡೆಯ ಮ್ಯಾನೇಜರ್ ‘ಲೆಟ್ಸ್ ಟೇಬಲ್ ಇಟ್’ ಅಂದರು. ನನ್ನ ನೋಟ್‌ಬುಕ್ಕಿನ ಪ್ರಕಾರ ಟೇಬಲ್ ಮಾಡು ಅಂದರೆ ಚರ್ಚೆಗೆ ಮಂಡಿಸು. ಅದು ತಪ್ಪೂ ಅಲ್ಲ ನೋಡ್ರಿ. ಬ್ರಿಟಿಷ್ ಇಂಗ್ಲಿಷಿನಲ್ಲಿ, ನಮ್ಮ ಪಾರ್ಲಿಮೆಂಟಿನಲ್ಲಿ, ಇಂಗ್ಲಿಷ್ ಪೇಪರುಗಳಲ್ಲಿ ಅದೇ ಅರ್ಥ. ಅಮೆರಿಕದಲ್ಲಿ ಮಾತ್ರ ಪೂರ್ತಿ ಉಲ್ಟಾ: ಸದ್ಯಕ್ಕೆ ಇದು ಬೇಡ, ಪಕ್ಕಕ್ಕಿಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡೂ ದೇಶದ ಸೇನಾಧಿಕಾರಿಗಳು ಇದೇ ಶಬ್ದಕ್ಕೆ ಜಗಳಾಡಿದ್ದನ್ನು ಚರ್ಚಿಲ್ ಬರೆದಿದ್ದಾರೆ. ಬ್ರಿಟಿಷರು ತುರ್ತಿನ ಕಾಗದವನ್ನು ‘ಟೇಬಲ್’ ಮಾಡೋಣ ಅಂದರೆ, ಅಮೆರಿಕದವರು ಇಷ್ಟು ಮಹತ್ವದ್ದನ್ನು ಹೇಗೆ ಬದಿಗಿಡುವುದು ಎಂದು ಹಟ ಹಿಡಿದರು. ಇಬ್ಬರಿಗೂ ಬೇಕಾಗಿದ್ದು ಒಂದೇ.

ಅವರು ಬೇಡ ಅಂದಿದ್ದ ಆ ಫೀಚರ್‌ಗೇ ನಾನು ಎರಡು ದಿನ ಕೂತು 22 ಸ್ಲೈಡ್ ಮಾಡಿದೆ. ಶುಕ್ರವಾರ ಕೊಡಬೇಕಿದ್ದ ಕೆಲಸ ಹಾಗೇ ಉಳಿಯಿತು. ಕಾಲ್‌ನಲ್ಲಿ ಅವರು ‘ಇದನ್ನು ಟೇಬಲ್ ಮಾಡಿದ್ದೆವಲ್ಲ?’ ಅಂತಾರೆ, ನಾನು ‘ಹೌದು, ಅದಕ್ಕೇ ತಂದಿದ್ದೇನೆ’ ಅಂತೀನಿ! ಆಮೇಲೆ ಆರು ತಿಂಗಳು ಕ್ಲೈಂಟ್ ಕಾಲ್‌ಗೆ ನನ್ನನ್ನು ಸೇರಿಸಲಿಲ್ಲ. ಅರ್ಥ ಗೊತ್ತಿಲ್ಲದಿದ್ದರೆ ಕೇಳುತ್ತಿದ್ದೆ. ಗೊತ್ತಿದೆ ಅಂದುಕೊಂಡಿದ್ದೇ ಎಡವಟ್ಟಾಯಿತು. ನಾನು ಬರೆದುಕೊಂಡ ಸಾಲಿನಲ್ಲಿ ಯಾವ ದೇಶದವರು ಹೀಗೆ ಅಂತಾರೆ ಅನ್ನುವುದೇ ಇರಲಿಲ್ಲ.

ಹಾಗಾಗಿ 500 ಬೇಡ, 40 ಸಾಕು. ಆದರೆ ಪ್ರತಿಯೊಂದರ ಮುಂದೆ ಯಾರು, ಎಲ್ಲಿ, ಯಾರ ಮುಂದೆ ಬಳಸುತ್ತಾರೆ ಎಂದು ಬರೆಯಿರಿ. ‘ಕಿಕ್ ದ ಬಕೆಟ್’ ಅಂದರೆ ಸಾಯುವುದು ನಿಜ, ಆದರೆ ಅದು ನಮ್ಮ ‘ಗೊಟಕ್ ಅಂದ’ ಇದ್ದ ಹಾಗೆ. ಸಾವಿನ ಮನೆಯಲ್ಲಿ ‘ಪಾಸ್ಡ್ ಅವೇ’ ಅನ್ನಬೇಕು. ‘ಬಾಲ್‌ಪಾರ್ಕ್ ಫಿಗರ್’ ಅಂದರೆ ಅಂದಾಜು ಮೊತ್ತ. ಅದು ಬೇಸ್‌ಬಾಲ್ ಮೈದಾನದಿಂದ ಬಂದದ್ದು, ಕ್ಲೈಂಟ್ ಕೇಳಿದರೆ ಪೈಸೆಯವರೆಗೆ ಲೆಕ್ಕ ಹಾಕುತ್ತ ಕೂರಬೇಡಿ. ‘ರೇನ್ ಚೆಕ್’ ಕೂಡ ಅಲ್ಲಿಯದೇ. ಮಳೆಗೆ ಆಟ ನಿಂತರೆ ಇನ್ನೊಂದು ದಿನ ಬರಲು ಕೊಡುತ್ತಿದ್ದ ಚೀಟಿ ಅದು. ಊಟಕ್ಕೆ ಕರೆದಾಗ ಹಾಗೆ ಅಂದರೆ ‘ಇವತ್ತು ಬೇಡ, ಮುಂದೆ ನೋಡೋಣ’ ಎಂದರ್ಥ. ಹಾಗೇ ಇಕ್ಕಟ್ಟಿನ ಪರಿಸ್ಥಿತಿಗೆ ಅನ್ನುವ ಕ್ರಿಕೆಟ್ಟಿನ ‘ಸ್ಟಿಕಿ ವಿಕೆಟ್’ ಅಮೆರಿಕದವರ ಮುಂದೆ ಎತ್ತಬೇಡಿ, ಅವರಿಗೆ ಒದ್ದೆ ಪಿಚ್ಚಿನ ಕಷ್ಟ ಏನು ಗೊತ್ತು?

ಶಬ್ದ ಅಲುಗಾಡಿಸುವುದು ಇನ್ನೊಂದು ಅಪಾಯ. ಗುಟ್ಟು ಬಿಟ್ಟುಕೊಟ್ಟರು ಅನ್ನಲು ‘ಸ್ಪಿಲ್ ದ ಬೀನ್ಸ್’ ಇದೆ, ಅದನ್ನು ‘ದ ಬೀನ್ಸ್ ವರ್ ಸ್ಪಿಲ್ಡ್’ ಅಂತ ತಿರುಗಿಸಿದರೂ ನಡೆಯುತ್ತದೆ. ‘ದ ಬಕೆಟ್ ವಾಸ್ ಕಿಕ್ಡ್’ ಅಂದರೆ ಮಾತ್ರ ಯಾರೋ ನಿಜವಾಗಿ ಬಕೆಟ್ ಒದ್ದರು ಅಂತಲೇ ಆಗುತ್ತದೆ.

ಎಲ್ಲಕ್ಕಿಂತ ಹೆಚ್ಚು ನಮ್ಮವರು ಬೀಳುವುದು ಕನ್ನಡದ ಕನ್ನಡಿಯಲ್ಲಿ ಇಂಗ್ಲಿಷ್ ನೋಡಿದಾಗ. ‘ಗೇವ್ ಮಿ ಎ ಹ್ಯಾಂಡ್’ ಅಂದರೆ ಸಹಾಯ ಮಾಡಿದ. ನಮ್ಮಲ್ಲಿ ‘ಕೈ ಕೊಟ್ಟ’ ಅಂದರೆ ಮುಗೀತು ಕಥೆ.

ಕೊನೆಗೆ, ಲೀವ್ ಮೇಲ್‌ನಲ್ಲಿ ‘ಔಟ್ ಆಫ್ ಸ್ಟೇಷನ್’ ಬರೆಯುವುದನ್ನು ಬಿಡಿ. ಅದು ಭಾರತದ ಇಂಗ್ಲಿಷು. ಸಾಹೇಬರ ಕಾಲದಲ್ಲಿ ಅಧಿಕಾರಿಗೆ ಪೋಸ್ಟಿಂಗ್ ಆದ ಊರಿಗೆ ‘ಸ್ಟೇಷನ್’ ಅನ್ನುತ್ತಿದ್ದರು. ಹುಬ್ಬಳ್ಳಿಯಲ್ಲಿ 1507 ಮೀಟರಿನ ಪ್ಲಾಟ್‌ಫಾರ್ಮ್ ಇದ್ದರೂ ಆ ಸ್ಟೇಷನ್ನಿಗೂ ಇದಕ್ಕೂ ಸಂಬಂಧ ಇಲ್ಲ. ‘ಔಟ್ ಆಫ್ ಟೌನ್’ ಎಂದು ಬರೆಯಿರಿ, ಎಲ್ಲರಿಗೂ ತಿಳಿಯುತ್ತದೆ.